ತಾತನ ಕಿವಿ ಸರಿಯಾಗಿಯೇ ಇದೆ

ಲೋ ಪಂಡಿತ,

ಇನ್ನೂರು ಹಾಡನ್ನು ಒಂದೇ ಸಿಡಿಗೆ ತುರುಕಿದೆನೆಂದು ಜಂಬ ಕೊಚ್ಚಿಕೊಂಡೆಯಲ್ಲ, ತಾತನ ಹಳೇ ಪ್ಲೇಯರಿಗೆ ಎಂಪಿತ್ರೀ ಫೈಲು ಓದಲು ಬರುತ್ತದೆಯೇ ಎಂದು ಒಮ್ಮೆಯಾದರೂ ಯೋಚಿಸಿದೆಯಾ? ನಾನೇ ಅವರ ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಸಿಡಿ ಗಿರ್ರನೆ ತಿರುಗುತ್ತದೆ, ಒಂದು ಸೊಲ್ಲೂ ಹೊರಡುವುದಿಲ್ಲ.

ನಾನು ಡ್ಯೂಟಿಗೆ ಹೊರಟೆ. ಎದ್ದ ಕೂಡಲೇ ಹಾಡುಗಳನ್ನು ವೇವ್ ಫೈಲಿಗೆ ಬದಲಿಸಿ, ‘ಆಡಿಯೋ ಸಿಡಿ’ ಎಂದೇ ಆರಿಸಿ ಬರೆ. ಇಪ್ಪತ್ತೇ ಹಾಡು ಹಿಡಿದರೂ ಪರವಾಗಿಲ್ಲ. ಅವರ ಪ್ಲೇಯರಿನಲ್ಲೇ ಹಾಕಿ, ನಿನ್ನ ಕಿವಿಯಾರೆ ಕೇಳಿ, ಆಮೇಲೆ ಕೊಡು.

ನಿನ್ನೆ ತಾತ ನಿನ್ನೆದುರು ಹೆಡ್‌ಫೋನ್ ಹಾಕಿಕೊಂಡು ತಲೆದೂಗಿ “ಭೇಷ್” ಎಂದರಲ್ಲ, ಅದು ಬರೀ ನಿನ್ನ ಮನಸ್ಸು ನೋಯಬಾರದೆಂದು. ತಪ್ಪು ನಿನ್ನದೇ ಎಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ.

“ಅವನು ಮಾಡಿಕೊಟ್ಟಿದ್ದು ಸರಿಯಾಗೇ ಇರುತ್ತೆ ಕಣೇ, ನನ್ನ ಕಿವೀನೇ ಹೋಗಿರ್ಬೇಕು” ಅಂದರು.