ಮೂರೂ ಹತ್ತಕ್ಕೆ ನಿಂತ ಗಡಿಯಾರ

೧೪ ಮಾರ್ಚ್, ಭಾನುವಾರ ಬೆಳಿಗ್ಗೆ

ನನ್ನ ಗುಬ್ಬಿಗೆ,

ಹೇಗಿದ್ದೀಯೆ? ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದು ಸೋಮಾರಿತನದಿಂದಲ್ಲ, ನಾಚಿಕೆಯಿಂದ. ತಂಗಿಯ ಮದುವೆ ನೋಂದಣಿಗೆ ಸಾಕ್ಷಿಯಾಗಬೇಕಿದ್ದ ಅಕ್ಕನೇ ನಾಪತ್ತೆಯಾದರೆ ಯಾವ ಮುಖ ಹೊತ್ತು ಬರೆಯಲಿ? ನೀನೋ, "ಹೋಗ್ಲಿ ಬಿಡಕ್ಕ, ಪಕ್ಕದ್ಮನೆ ಟೈಲರ್ ಆಂಟಿ ಸಹಿ ಹಾಕಿದ್ರು" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನಾಲ್ಕು ಮಾತು ಬೈದಿದ್ದರೆ ಹಗುರಾಗುತ್ತಿತ್ತು.

ಆ ದಿನ ಆದದ್ದಿಷ್ಟು. ಕಂಪ್ಯೂಟರಿನ ಹೊಟ್ಟೆಯೊಳಗಿನ ತಪ್ಪು ಹುಡುಕಲು ನಾವು ಅದನ್ನು ನಡುವೆಯೇ ತಡೆದು ನಿಲ್ಲಿಸುತ್ತೇವೆ. ಅದರ ಗಡಿಯಾರವೂ ನಿಲ್ಲುತ್ತದೆ. ಮತ್ತೆ ಬಿಟ್ಟಾಗ ಅದೇ ನಿಮಿಷದಿಂದ ಮುಂದುವರಿಯುತ್ತದೆ. ಹೊರಗೆ ಎರಡು ಗಂಟೆ ಕಳೆದದ್ದು ಪಾಪ, ಅದಕ್ಕೆ ಗೊತ್ತೇ ಇರುವುದಿಲ್ಲ. ನಾನು ನಿಲ್ಲಿಸಿದಾಗ ಮೂರೂ ಹತ್ತು. ನಿಮ್ಮ ನೋಂದಣಿ ನಾಲ್ಕಕ್ಕೆ. ತಲೆಯೆತ್ತಿದಾಗಲೆಲ್ಲ ಪರದೆಯ ಮೇಲೆ ಮೂರೂ ಹತ್ತೇ.

ಐದಕ್ಕೆ ಪಕ್ಕದ ಮೇಜಿನ ಮೀಸೆ ಮಾಮ ಬಂದು, "ಏನಮ್ಮಾ, ತಂಗಿ ಮದ್ವೆಗೆ ಹೋಗ್ಲಿಲ್ವಾ?" ಎಂದರು.

"ಇನ್ನೂ ಟೈಮಿದೆಯಲ್ಲ" ಎಂದು ಪರದೆ ತೋರಿಸಿದೆ. ಅವರು ನನ್ನ ಮುಖವನ್ನೇ ನೋಡಿ, ಹೋಗಿ ಕಾಫಿ ತಂದಿಟ್ಟರು. ಈಗ ಆಫೀಸಿನಲ್ಲಿ ಯಾರು ತಡವಾಗಿ ಬಂದರೂ "ಮೂರೂ ಹತ್ತು" ಎಂದು ನಗುತ್ತಾರೆ. ನಾನೂ ನಗುತ್ತೇನೆ.

ಉಳಿದಂತೆ ನಾನು ಆರಾಮ. ಆ ತಪ್ಪು ಸಿಕ್ಕಿತು, ಮೇಲಿನವರು ಬೆನ್ನು ತಟ್ಟಿದರು. ನಿನ್ನ ಕೋಣೆಯ ಕಿಟಕಿಗೆ ನೀನು ಬೇಡವೆಂದು ರಂಪ ಮಾಡುತ್ತಿದ್ದ ಹಸಿರು ಪರದೆಯನ್ನೇ ಹಾಕಿದ್ದೇನೆ. ಈಗ ತಕರಾರಿಗೆ ಯಾರಿದ್ದಾರೆ? ನಿನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನಿನ್ನವನಿಗೆ ಮೊದಲೇ ಹೇಳಿದ್ದೇನೆ, ಆಮೇಲೆ ನನ್ನನ್ನು ದೂರಬಾರದು. ಫೋಟೋದಲ್ಲಿ ನಿಮ್ಮ ನಗು ನೋಡಿ ಹೊಟ್ಟೆ ತುಂಬಿತು. ಇಬ್ಬರೂ ಹೀಗೇ ನಗುನಗುತ್ತಾ ನೂರು ಕಾಲ ಬಾಳಿ.

ನಿನ್ನ
ಅಕ್ಕ

ತಾ.ಕ.: ಒಂದು ವಿಷಯ ಮುಚ್ಚಿಟ್ಟೆ. ಈ ಕೆಲಸಕ್ಕೆ ಎರಡು ಕಂಪ್ಯೂಟರ್ ಬೇಕು: ನಿಲ್ಲುವುದೊಂದು, ಅದನ್ನು ನಿಲ್ಲಿಸಿ ನೋಡುವುದು ಇನ್ನೊಂದು. ಎರಡನೆಯದರ ಗಡಿಯಾರ ನನ್ನ ಕಣ್ಣೆದುರೇ ಸರಿಯಾಗಿ ಓಡುತ್ತಿತ್ತು. ಮೀಸೆ ಮಾಮನಿಗೂ ಅದು ಗೊತ್ತು. ಮೂರೂವರೆಗೆ ಬ್ಯಾಗು ಹೆಗಲಿಗೇರಿಸಿದ್ದೆ ಕಣೇ. ಅಮ್ಮ ಹೋದಾಗ ನಿನಗೆ ಆರು ವರ್ಷ. ಅಂದಿನಿಂದ ಶಾಲೆಯ ಪ್ರತಿ ಕಾಗದಕ್ಕೂ ನಿನ್ನ ಪರವಾಗಿ ಸಹಿ ಹಾಕಿದವಳು ನಾನು. ಈ ಸಹಿಯೇ ಕೊನೆಯದು ಅನ್ನಿಸಿತು. ಬ್ಯಾಗು ಕೆಳಗಿಟ್ಟು, ಮೂರೂ ಹತ್ತನ್ನೇ ನೋಡುತ್ತಾ ಕುಳಿತೆ.