ಕಂಪ್ಯೂಟರಿನ ಪಡಸಾಲೆ

ಗಜೇಂದ್ರಗಡ
ಬುಧವಾರ, ೧೨ ಫೆಬ್ರವರಿ ೨೦೨೫

ಜಬೀನ ಆಪಾಗೆ ಸಲಾಮು.

ಸಲಾಮು ಹೇಳಿದ್ದು ಅಮ್ಮಿ ಕಲಿಸಿದ ರೂಢಿಗೆ, ಪ್ರೀತಿಗಲ್ಲ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿರುವುದರಿಂದ ಈ ಕಾಗದವನ್ನು ಕೀಬೋರ್ಡಿನ ಕೆಳಗೆ ಇಟ್ಟು ಹೋಗುತ್ತಿದ್ದೇನೆ. ನಾಳೆ ಬೆಳಿಗ್ಗೆ ರೋಣದ ಬಸ್ಸಿಳಿದು ಬಂದು, ತಂಗಿ ಕೂತ ಕುರ್ಚಿಯನ್ನು ಎಂದಿನಂತೆ ಒದ್ದೆ ಬಟ್ಟೆಯಿಂದ ಒರೆಸಿಕೊಂಡು, ಆಮೇಲೆ ಓದು.

ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಅಂಗಡಿಯ ನನ್ನ ಕಡೆಯ ಕೀಲಿಯನ್ನೂ ನಿನ್ನ ಕೈಗೆ ಕೊಡಬೇಕೆಂದು ಕಾಶೀಂಸಾಬ ಮಾಮಾ ನನಗೆ ಹೇಳಿಯಾಗಿದೆ. ಅಬ್ಬಾ ಕಟ್ಟಿದ ಈ ನಕ್ಷೆಯ ಅಂಗಡಿಯಲ್ಲಿ ಇನ್ನು ನನಗೆ ಜಾಗವಿಲ್ಲ. ಕಾರಣ, ನಾನು ಕೆಲಸಗಳ್ಳಿ. ಈ ಮಾತನ್ನು ನೀನು ಮನೆಯ ಉರ್ದುವಿನಲ್ಲಿ ಅಂದಿದ್ದರೆ ಮನೆಯಲ್ಲೇ ಉಳಿಯುತ್ತಿತ್ತು. ನೇಕಾರ ಗವಿಸಿದ್ದಪ್ಪನಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಅಂದೆ.

“ಮಧ್ಯಾಹ್ನ ಬಂದು ಫ್ಯಾನಿನ ಗಾಳಿ ತಗೊಂಡು ಹೊಕ್ಕಾಳ್ರಿ. ದಡಿ ಬರದೇನಿ ಅಂತಾಳ, ಮುಂಜಾನೆ ನೋಡಿದ್ರ ಒಂದು ಗೆರಿ ಇರಂಗಿಲ್ಲ.”

ಗವಿಸಿದ್ದಪ್ಪ ನೆಲ ನೋಡಿದ. ಸೀರೆಯಂಚಿನ ದಡಿಯ ನಕ್ಷೆ ನಮ್ಮಿಂದ ಸಿಗದೆ ಅವನ ಮಗ್ಗ ಸುಮ್ಮನೆ ನಿಂತಿತ್ತು. ಕಾದು ಬೇಸತ್ತ ನರಗುಂದದ ವ್ಯಾಪಾರಿ ಆ ಸೀರೆಗಳನ್ನು ನೇಯಲು ಬೇರೆಯವರಿಗೆ ಹೇಳಿಬಿಟ್ಟಿದ್ದ. ಗವಿಸಿದ್ದಪ್ಪ ನನ್ನನ್ನು ಯಾಕೆ ನಂಬಬೇಕು? ನಾನೂ ಬಾಯಿ ಮುಚ್ಚಿಕೊಂಡು ನಿಂತಿರಲಿಲ್ಲ ಅನ್ನು. ಬರೆದದ್ದನ್ನೆಲ್ಲ ಅಳಿಸುವವಳು ನೀನೇ, ಹೊಟ್ಟೆಕಿಚ್ಚಿನವಳು ಎಂದು ಅಂದೆ. ಮಾಮಾ ನನ್ನ ಕಡೆ ಬೆರಳು ತೋರಿಸಿ ಹೊರಗೆ ಹೋಗೆಂದ.

ಈ ಮಾಮಾನೇ ಅಲ್ಲವೇ, ಅಬ್ಬಾ ತೀರಿಕೊಂಡ ಮೇಲೆ ನಮ್ಮ ಮನೆಗೆ ನಡುವೆ ಗೋಡೆ ಎಬ್ಬಿಸಿ, ಪಡಸಾಲೆಯೊಂದನ್ನು ಇಬ್ಬರಿಗೂ ಬಿಟ್ಟವನು. ಕಂಪ್ಯೂಟರಿಗೂ ಅದೇ ನ್ಯಾಯ ಮಾಡಿದ. ನನ್ನಿಂದ ವೈರಸ್ ಬಂತು, ನಾನು ಮುಟ್ಟಿದ್ದನ್ನು ಮುಟ್ಟುವುದಿಲ್ಲ ಎಂದು ನೀನು ಹಟ ಹಿಡಿದಿದ್ದೆ. ರಿಪೇರಿಯ ಸಿದ್ದರಾಮೇಶ ನಗುತ್ತಲೇ ಬಂದು ಒಂದೇ ಡಬ್ಬಿಯಲ್ಲಿ ಎರಡು ಸಂಸಾರ ಹೂಡಿಕೊಟ್ಟ. ನಿನ್ನ ಅರ್ಧದಲ್ಲಿ ವಿಂಡೋಸು, ಪ್ರಿಂಟರು. ನನ್ನ ಅರ್ಧದಲ್ಲಿ ವಿಂಡೋಸಿನ ಬದಲು ಉಬುಂಟು. ಚಾಲೂ ಮಾಡಿದಾಗ ಒಂದು ಸಲಕ್ಕೆ ಒಬ್ಬರ ಅರ್ಧ ಮಾತ್ರ ತೆರೆಯುತ್ತದೆ. ನಡುವೆ ಇಬ್ಬರಿಗೂ ತೆರೆಯುವ ಒಂದು ಜಾಗ. ಅದಕ್ಕೆ ಪಡಸಾಲೆ ಎಂದು ಹೆಸರಿಟ್ಟವನೂ ಮಾಮಾನೇ. ನಕ್ಷೆ ಬಜಾರಿಗೆ ಹೋಗಬಾರದೆಂದು ಪೆನ್‌ಡ್ರೈವ್ ಬಂದ್ ಮಾಡಿಸಿ, ಪಡಸಾಲೆ ಬಿಟ್ಟು ಬೇರೆಲ್ಲೂ ನಕ್ಷೆ ಇಡಕೂಡದೆಂದ. ಮಧ್ಯಾಹ್ನ ನಾನು ದಡಿ ಬರೆದು ಪಡಸಾಲೆಯಲ್ಲಿ ಇಡಬೇಕು, ಮರುದಿನ ಬೆಳಿಗ್ಗೆ ನೀನು ಅದನ್ನು ಪ್ರಿಂಟು ತೆಗೆದು ನೇಕಾರರಿಗೆ ಕೊಡಬೇಕು. ಒಬ್ಬರ ಮುಖ ಒಬ್ಬರು ನೋಡುವ ಕರ್ಮವಿಲ್ಲ. ಇಡೀ ಗಡದಲ್ಲಿ ಕಂಪ್ಯೂಟರಿನೊಳಗೆ ಗೋಡೆ ಕಟ್ಟಿಸಿದ ಮನೆತನ ನಮ್ಮದೊಂದೇ.

ನಿನ್ನೆ ನಿನ್ನ ಕಳ್ಳತನ ಹಿಡಿಯಲೆಂದೇ ನಿನ್ನ ಅರ್ಧಕ್ಕೆ ನುಗ್ಗಿದೆ. ಪಾಸ್‌ವರ್ಡು ನಿನ್ನ ಮಗಳು ಕೌಸರಳ ಹೆಸರೇ. ಬೇರೆ ಯೋಚಿಸುವಷ್ಟು ತಲೆ ನಿನಗೆಲ್ಲಿದೆ. ಒಳಗೆ ನನ್ನ ದಡಿ ಒಂದೂ ಸಿಗಲಿಲ್ಲ. ಸಿಟ್ಟಿನಿಂದ ನೀನು ಮಾಡುವಂತೆಯೇ ಶಟ್‌ಡೌನ್ ಒತ್ತಿದೆ. ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿ ನನ್ನ ಅರ್ಧಕ್ಕೆ ಹೋಗಿ, ಪಡಸಾಲೆಯಲ್ಲಿ ಒಂದು ಬದನೆಕಾಯಿಯ ಚಿತ್ರ ಬರೆದಿಟ್ಟೆ. ಬೆಳಿಗ್ಗೆ ನೀನು ನೋಡಿ ಉರಿದುಕೊಳ್ಳಲಿ ಎಂದು ಅದಕ್ಕೆ ನಿನ್ನಂಥದ್ದೇ ಮೂಗು ಕೂಡ ಬರೆದಿದ್ದೆ. ಹೇಗೆ ಕಾಣುತ್ತದೋ ನೋಡೋಣವೆಂದು ತಿರುಗಿ ನಿನ್ನ ಅರ್ಧಕ್ಕೆ ಬಂದರೆ ಬದನೆಕಾಯಿ ಇಲ್ಲ. ನನ್ನ ಅರ್ಧದಿಂದ ನೋಡಿದರೆ ಅಲ್ಲಿಯೂ ಇಲ್ಲ. ಅಂಗಡಿಯಲ್ಲಿ ಇದ್ದವಳು ನಾನೊಬ್ಬಳು. ನೀನು ಆ ಹೊತ್ತಿನಲ್ಲಿ ರೋಣದ ನಿನ್ನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

ಸಿದ್ದರಾಮೇಶನಿಗೆ ಫೋನು ಮಾಡಿದೆ. ಶಟ್‌ಡೌನ್ ಬಿಟ್ಟು ರೀಸ್ಟಾರ್ಟ್ ಒತ್ತಿ, ಅಲ್ಲಿಂದ ನೇರ ನಿಮ್ಮ ಅರ್ಧಕ್ಕೆ ಹೋಗಿ ಬರೆದು ನೋಡಿರಿ ಎಂದ. ಹಾಗೆ ಮಾಡಿದೆ. ಈ ಸಲ ಬದನೆಕಾಯಿ ಮೂಗಿನ ಸಮೇತ ಕದಲದೆ ಕೂತಿತ್ತು.

ಅವನು ಹೇಳಿದ್ದನ್ನು ನಿನ್ನ ತಲೆಗೆ ಹೋಗುವಂತೆ ಬರೆಯುತ್ತೇನೆ. ಅಮ್ಮಿ ಸೀರೆ ನೇಯ್ದು ಮುಗಿಸಿ ಕೊಯ್ದುಕೊಂಡ ಮೇಲೆ ಮಗ್ಗವನ್ನು ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ಹಳೆಯ ಎಳೆಗಳ ತುದಿಯನ್ನು ಹಾಗೇ ಬಿಡುತ್ತಿದ್ದಳು. ಮರುದಿನ ಹೊಸ ಎಳೆಗಳನ್ನು ಅವಕ್ಕೇ ಗಂಟು ಹಾಕಿದರೆ ಕೆಲಸ ಲಗೂನೆ ಶುರುವಾಗುತ್ತಿತ್ತು. ನಾವಿಬ್ಬರೂ ಆಟವಾಡುತ್ತಾ ನಡುವೆ ಬಣ್ಣದ ನೂಲು ಸಿಕ್ಕಿಸಿಟ್ಟರೆ, ಯಾರದು ಏನು ಎಂದು ಕೇಳದೆ ಕಿತ್ತೆಸೆದು ತನ್ನ ಎಳೆಯಿಂದಲೇ ಮುಂದುವರಿಸುತ್ತಿದ್ದಳು. ನಿನ್ನ ವಿಂಡೋಸು ಮಾಡುವುದೂ ಅದನ್ನೇ. ಫಾಸ್ಟ್ ಸ್ಟಾರ್ಟಪ್ ಎಂಬುದಕ್ಕೆ ಟಿಕ್ ಇದ್ದರೆ, ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಬಂದ್ ಆಗುವುದಿಲ್ಲ. ಬೇಗ ಏಳಲೆಂದು, ಏನು ಎಲ್ಲಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮಲಗುತ್ತದೆ. ಬೆಳಿಗ್ಗೆ ಎದ್ದಾಗ ಪಡಸಾಲೆ ತಾನು ಬಿಟ್ಟು ಹೋದಂತೆಯೇ ಇದೆ ಎಂದು ತಿಳಿಯುತ್ತದೆ. ನಡುವೆ ನಾನು ಇಟ್ಟದ್ದು ಅದಕ್ಕೆ ಲೆಕ್ಕಕ್ಕಿಲ್ಲ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಪೂರ್ತಿ ಬಂದ್ ಆಗಿ ಹೊಸದಾಗಿ ಏಳುತ್ತದೆ.

ಆ ಟಿಕ್ ಗಾಳಿಗೆ ಹಾರಿ ಬಂದದ್ದಲ್ಲ. ಪಾಲು ಮಾಡಿದ ದಿನ ಸಿದ್ದರಾಮೇಶ ಅದನ್ನು ತೆಗೆದು, “ಇಬ್ರೂ ಕೇಳ್ರಿ, ಇದಕ್ಕ ಟಿಕ್ ಹಾಕಬ್ಯಾಡ್ರಿ, ಪಡಸಾಲಿ ಕೆಡತೈತಿ” ಎಂದು ಹೇಳಿದ್ದ. ನನ್ನ ಮುಖ ನೋಡಬಾರದೆಂದು ನೀನು ಗೋಡೆ ನೋಡುತ್ತ ನಿಂತಿದ್ದೆ. ಆಮೇಲೆ ಕಂಪ್ಯೂಟರು ನಿಧಾನ, ನಿಧಾನ ಎಂದು ಗೊಣಗಿ, ಯಾರನ್ನೋ ಕೇಳಿ ನೀನೇ ಟಿಕ್ ಹಾಕಿಕೊಂಡೆ. ನಿನಗೆ ತಿರುಗಿ ಹೋಗುವ ಬಸ್ಸಿನ ಅವಸರ. ಬೇಕೆಂದೇ ಹಾಕಿದೆ ಎಂದು ಬರೆಯಲು ಕೈ ತುರಿಸುತ್ತಿದೆ. ಆದರೆ ಬೇಕೆಂದು ಕೆಡಿಸಲು ಇಷ್ಟಾದರೂ ತಿಳಿದಿರಬೇಕು. ನಿನಗೆ ತಿಳಿದಿರಲಿಲ್ಲ.

ಈಗ ತಿಳಿಯಿತು. ಕಂಟ್ರೋಲ್ ಪ್ಯಾನಲ್ಲಿನಲ್ಲಿ ಪವರ್ ಆಪ್ಷನ್ಸ್ ತೆರೆದು, ಪವರ್ ಬಟನ್ನು ಏನು ಮಾಡಬೇಕು ಎನ್ನುವ ಕಡೆ ಹೋದರೆ ಆ ಟಿಕ್ ಸಿಗುತ್ತದೆ. ನಿನ್ನ ಕೈಯಿಂದಲೇ ತೆಗೆ. ಆಮೇಲೆ ಮಾಮಾನ ಮುಂದೆ, ಗವಿಸಿದ್ದಪ್ಪನನ್ನೂ ಕರೆಸಿ, ಅಂದು ಅಂದ ಜಾಗದಲ್ಲೇ ನಿಂತು, ತಂಗಿ ಕೆಲಸಗಳ್ಳಿಯಲ್ಲ ಎಂದು ಕನ್ನಡದಲ್ಲೇ ಹೇಳು. ಆ ಟಿಕ್ಕನ್ನು ನಾನು ಮುಟ್ಟಿಲ್ಲ. ಮುಟ್ಟಿದ್ದರೆ ನಾಳೆ ನೀನು, ತಂಗಿಯೇ ಏನೋ ಕಿತಾಪತಿ ಮಾಡಿದಳು ಅನ್ನುತ್ತಿದ್ದೆ.

ಕೀಲಿಯನ್ನಂತೂ ಕೊಡುವುದಿಲ್ಲ. ಮಾಮಾ ಬರಲಿ, ಮಾಮಾನ ಅಪ್ಪ ಬರಲಿ.

ಇಂತಿ,
ಫ್ಯಾನಿನ ಗಾಳಿ ತಗೊಂಡು ಹೋಗುವವಳು,
ಮೆಹನಾಜ

ತಾ.ಕ.: ಇವತ್ತು ರೀಸ್ಟಾರ್ಟ್ ಕೊಟ್ಟೇ ಬರೆದಿದ್ದೇನೆ, ಆದ್ದರಿಂದ ನಾಳೆ ಪಡಸಾಲೆಯಲ್ಲಿ ಅರ್ಧ ದಡಿ ಸಿಗುತ್ತದೆ. ದಾಳಿಂಬೆ ಮೊಗ್ಗಿನದು. ಕೌಸರಳ ಮದುವೆಯ ಸೀರೆಗೆ ನನ್ನ ದಡಿಯೇ ಬೇಕೆಂದು ಒಂದು ಕಾಲದಲ್ಲಿ ಕೇಳಿದವಳು ನೀನೇ. ಪಾಲಿನ ಜಗಳವಾದ ದಿನ ನೀನು, ಬಜಾರಿನಲ್ಲಿ ಕೊಂಡ ಸೀರೆಯನ್ನೇ ಉಡಿಸುತ್ತೇನೆ ಎಂದೆ. ಆದರೂ ಬರೆಯುವುದನ್ನು ನಾನು ಬಿಟ್ಟಿರಲಿಲ್ಲ. ವ್ಯಾಪಾರಿಯ ದಡಿಗಳ ಜೊತೆ ಅದೂ ಅಳಿಸಿ ಹೋಗುತ್ತಿತ್ತು, ನಾನು ಮತ್ತೆ ಮೊದಲಿನಿಂದ ಬರೆಯುತ್ತಿದ್ದೆ. ಉಳಿದರ್ಧವನ್ನು ನಾಳೆ ಮಧ್ಯಾಹ್ನ ಬರೆಯುತ್ತೇನೆ, ರೀಸ್ಟಾರ್ಟ್ ಕೊಡುವುದಿಲ್ಲ. ನಾಳೆ ಬಂದ್ ಮಾಡುವ ಮೊದಲು ನೀನು ಟಿಕ್ ತೆಗೆದಿದ್ದರೆ ಶುಕ್ರವಾರ ಬೆಳಿಗ್ಗೆ ದಡಿ ಪೂರ್ತಿ ಕಾಣುತ್ತದೆ, ಪ್ರಿಂಟು ತೆಗೆದು ಗವಿಸಿದ್ದಪ್ಪನಿಗೆ ಕೊಡು. ಕಾಣದಿದ್ದರೆ ನಮಾಜಿನ ತನಕ ಕಾಯಬೇಡ. ಕೀಲಿ ನಾನೇ ತಂದುಕೊಡುತ್ತೇನೆ.