ಗೋಧಿ ಬಿಟ್ಟವಳ ರಕ್ತ

ಬೇಕರಿಯ ಮೇಲಿನ ಮನೆ
ಗುರುವಾರ, ಜೂನ್ ಹನ್ನೆರಡು

ಮುದ್ದಿನ ಸೊಸೆಗೆ ಅತ್ತೆಯ ಆಶೀರ್ವಾದ.

ಹೊಟ್ಟೆ ಹೇಗಿದೆ? ತವರಿನಲ್ಲಿ ಕಾಲು ಚಾಚಿ ಕೂತ ಮೇಲೆ ನೆಟ್ಟಗಾಗಿರಬೇಕು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನ ಗಂಡ ನಾದುವ ಹಿಟ್ಟು ಬಿಟ್ಟು ನಿನಗೆ ಕಾಗದ ಬರೆಯಲು ಕೂತಿದ್ದ. ನಾನೇ ಬರೆಯುತ್ತೇನೆ ಏಳು ಎಂದು ಪೆನ್ನು ಕಿತ್ತುಕೊಂಡೆ.

ನನ್ನ ಮಾತಿಗೇ ನೀನು ಹೊರಟುಹೋದೆ ಎನ್ನುತ್ತಾನೆ. ನಾನು ಆಡಿದ್ದೇನು ಸುಳ್ಳೇ? ಗೋಧಿ ತಿಂದರೆ ಹೊಟ್ಟೆ ಕೆಡುತ್ತದೆ ಎಂದು ಬೇಕರಿ ಮನೆಯ ಸೊಸೆಯೇ ಹೇಳಿದರೆ ಗಿರಾಕಿಗಳು ನಗುವುದಿಲ್ಲವೇ? ನೀನು ನಾಲ್ಕು ತಿಂಗಳು ಬ್ರೆಡ್ಡಿನ ಚೂರೂ ಮುಟ್ಟದೆ ಪಥ್ಯ ಮಾಡಿದೆ. ಆಮೇಲೆ ರಕ್ತದಲ್ಲಿ ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪ್ರತಿಕಾಯ ಇದೆಯೇ ಎಂದು ಪರೀಕ್ಷೆಗೆ ಕೊಟ್ಟೆ. ಇಲ್ಲ ಅಂತ ಬಂತು. ಆ ಚೀಟಿಯನ್ನು ಅಂಗಡಿಯ ಗಾಜಿಗೆ ಅಂಟಿಸಿದವಳು ನಾನೇ, ಎಲ್ಲರೆದುರು ಕೆಲಸಗಳ್ಳಿ ಎಂದವಳೂ ನಾನೇ.

ಮಗುವನ್ನು ನಿನ್ನ ಜೊತೆ ಕಳಿಸದೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಅದೂ ನಿನ್ನ ಪಾಠವನ್ನೇ ಒಪ್ಪಿಸುತ್ತದೆ, "ಬ್ರೆಡ್ ಬೇಡ ಅಜ್ಜಿ, ಹೊಟ್ಟೆ ನೋಯುತ್ತೆ" ಅಂತ. ತೊಡೆಯ ಮೇಲೆ ಕೂರಿಸಿಕೊಂಡು, ಮೂಗು ಹಿಡಿದು, ಬೆಳಿಗ್ಗೆ ಎರಡು ತುಂಡು, ಸಂಜೆ ಎರಡು ತಿನ್ನಿಸುತ್ತೇನೆ. ಕಕ್ಕಿದರೆ ಇನ್ನೊಂದು. ಹಟ ಇಳಿಯಬೇಕಲ್ಲ. ಹೋದ ವರ್ಷದ ಫ್ರಾಕು ಈಗಲೂ ಸಡಿಲ, ನಿನ್ನ ಹಾಗೇ ಕಡ್ಡಿ. ನಿನ್ನ ಬಾಯಿ ಮುಚ್ಚಿಸಲೆಂದೇ ಮೊನ್ನೆ ಅವಳ ರಕ್ತವನ್ನೂ ಪರೀಕ್ಷೆಗೆ ಕೊಡಿಸಿದ್ದೇನೆ. ವರದಿಯನ್ನು ಇದರೊಳಗೇ ಇಟ್ಟು ಕಳಿಸುತ್ತೇನೆ. ನೋಡಿಕೊಂಡು, ತಪ್ಪಾಯಿತು ಎಂದು ನಾಲ್ಕು ಸಾಲು ಬರೆದು ವಾಪಸು ಬಾ. ಕೌಂಟರಿನಲ್ಲಿ ನಿಲ್ಲಲು ಆಳಿಲ್ಲ.

ನಿಮ್ಮಮ್ಮನನ್ನು ಕೇಳಿದೆನೆಂದು ಹೇಳು. ನೂರು ವರ್ಷ ಬಾಳು.

ನಿನ್ನ ಅತ್ತೆ

ತಾ.ಕ.: ಮಗುವಿನ ವರದಿ ಬಂತು. ಕಾಯಿಲೆ ಇದೆ. ಹತ್ತರೊಳಗಿರಬೇಕಾದ ಅಂಕಿ ನೂರು ದಾಟಿದೆ. ಲ್ಯಾಬಿನವಳು ನಿನ್ನ ಚೀಟಿಯ ವಿಷಯವನ್ನೂ ಕೇಳಿದಳು, ಹೇಳಿದೆ. "ಗೋಧಿ ಬಿಟ್ಟು ನಾಲ್ಕು ತಿಂಗಳಾದ್ಮೇಲೆ ಕೊಟ್ರಾ? ಹಾಗಾದ್ರೆ ಕಾಯಿಲೆ ಇದ್ರೂ ಇಲ್ಲ ಅಂತ ಬರಬಹುದು. ತಿಂತಾ ಇರೋವಾಗ್ಲೇ ಕೊಡ್ಬೇಕು" ಎಂದಳು. ಮಗುವಿಗೆ ದಿನಾ ತಿನ್ನಿಸುತ್ತಿದ್ದೆ ಎಂದೆ. "ಒಳ್ಳೇ ಕೆಲ್ಸ ಮಾಡಿದ್ರಿ ಅಜ್ಜಿ, ಅದಕ್ಕೇ ಸಿಕ್ಕಿತು" ಎಂದು ನಕ್ಕಳು. ಮೇಲಿನದನ್ನು ಹರಿದು ಬೇರೆ ಬರೆಯುತ್ತಾ ಕೂತರೆ ಇವತ್ತಿನ ಟಪಾಲು ತಪ್ಪುತ್ತದೆ, ಇದ್ದಂತೆಯೇ ಕಳಿಸುತ್ತಿದ್ದೇನೆ. ಮಧ್ಯಾಹ್ನ ಬರೀ ಅನ್ನ ಕಲಸಿ ಕೊಟ್ಟೆ. ಬೇಡ ಎನ್ನಲಿಲ್ಲ, ಅಳಲಿಲ್ಲ, ಅಷ್ಟನ್ನೂ ತಿಂದಳು. ತಿಂದು ತಾನಾಗಿ ಬಚ್ಚಲಿಗೆ ಹೋಗಿ, ವಾಂತಿ ಬರಲೆಂದು ಕಾಯುತ್ತಾ ಕೂತಿದ್ದಾಳೆ. ನಾನು ಕರೆದರೆ ಏಳುತ್ತಿಲ್ಲ. ಬಂದು ಕರೆದುಕೊಂಡು ಹೋಗು.